ಬಿಟ್ಟ ಸ್ಥಳದಲ್ಲಿ ಏನಿದೆ?

ಪ್ರಶ್ನೆಪತ್ರಿಕೆಯಲ್ಲಿ ಮಕ್ಕಳಿಗೆ ಬಲು ಪ್ರಿಯವಾದ ಪ್ರಶ್ನೆ ಯಾವುದು? ‘ಬಿಟ್ಟ ಸ್ಥಳಗಳನ್ನು ಸೂಕ್ತ ಪದಗಳಿಂದ ತುಂಬಿರಿ’ ಎಂಬುದೇ ಇರಬೇಕು. ಹೆಚ್ಚು ಬರೆಯುವ ಕಷ್ಟವಿಲ್ಲ. ಒಂದು ಪದಕ್ಕೆ ಒಂದು ಅಂಕ. ‘ಕರ್ಣಾಟ ಭಾರತ ಕಥಾಮಂಜರಿಯನ್ನು ರಚಿಸಿದ ಕವಿ ______’ ಎಂದಿದ್ದರೆ ‘ಕುಮಾರವ್ಯಾಸ’ ಎಂದು ಬರೆದು ಮುಂದಿನ ಪ್ರಶ್ನೆಗೆ ಹೋಗಬಹುದು. ಹಾಗೆ ಬರೆದ ಹುಡುಗ ಆ ಕಾವ್ಯದ ಒಂದು ಸಾಲನ್ನೂ ಓದಿರಬೇಕಾಗಿಲ್ಲ. ಗದುಗಿನ ವೀರನಾರಾಯಣನ ಗುಡಿಯ ಹೆಸರು ಕೇಳಿರಬೇಕಾಗಿಯೂ ಇಲ್ಲ. ಗೈಡಿನ ಕೊನೆಯ ಪುಟ ಒಮ್ಮೆ ಕಣ್ಣಿಗೆ ಬಿದ್ದಿದ್ದರೆ ಸಾಕು.

ಅದೇ ಗೆರೆಯನ್ನು ಕಾವ್ಯದ ಹೊರಗಿನಿಂದ ಎತ್ತಿ ಕಾವ್ಯದ ಒಳಗೆ ಇಟ್ಟು ನೋಡಿ. ಪಾಠದ ಒಂದು ಪದ್ಯವನ್ನು ತೆರೆದು, ನಡುವಿನ ಒಂದು ಪದವನ್ನು ಬೆರಳಿನಿಂದ ಮುಚ್ಚಿ, ‘ಇಲ್ಲಿ ಯಾವ ಪದ ಇದ್ದೀತು?’ ಎಂದು ಮಕ್ಕಳನ್ನು ಕೇಳಿ. ಈಗ ಗೈಡು ಕೈಕೊಡುತ್ತದೆ. ಹಿಂದಿನ ಪದ ನೋಡಬೇಕು, ಮುಂದಿನ ಪದ ನೋಡಬೇಕು, ಸಾಲನ್ನು ಒಮ್ಮೆ ಗಟ್ಟಿಯಾಗಿ ಹೇಳಿಕೊಳ್ಳಬೇಕು. ಅಂದರೆ ಓದಲೇಬೇಕು! ಮೊದಲನೆಯದು ನೆನಪಿನ ಪರೀಕ್ಷೆ. ಎರಡನೆಯದು ಓದಿನ ಆಟ. ಹೊರನೋಟಕ್ಕೆ ಎರಡೂ ಒಂದೇ ಬಗೆಯ ಖಾಲಿ ಗೆರೆಗಳೇ.

ಅಂಚಿನ ಬಡಾವಣೆಗಳ ಮಕ್ಕಳು

ಬೆಂಗಳೂರಿನ ಹೊರ ಅಂಚಿನ ಮನೆಗಳಿಗೆ ಈ ಎರಡನೆಯ ಆಟ ಹೆಚ್ಚು ಬೇಕಾಗಿದೆ. ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುವ ತಂದೆ ಎರಡನೆಯ ಪಾಳಿ ಮುಗಿಸಿ ಬರುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳಲ್ಲಿರುವ ತಾಯಿ ಮನೆಗೆ ಬಂದ ಮೇಲೂ ಫೋನಿನಲ್ಲೇ ಇರಬೇಕಾಗುತ್ತದೆ. ವೈಟ್‌ಫೀಲ್ಡಿನ ಒಂದೇ ಅಪಾರ್ಟ್‌ಮೆಂಟಿನಲ್ಲಿ ತೆಲುಗು, ತಮಿಳು, ಮಲಯಾಳ, ಹಿಂದಿ, ಬಂಗಾಳಿ ಎಲ್ಲವೂ ಕಿವಿಗೆ ಬೀಳುತ್ತವೆ. ಮಕ್ಕಳು ಆಟದ ಬಯಲಿನಲ್ಲಿ ಇಂಗ್ಲಿಷಿಗೆ ಒಗ್ಗಿಕೊಳ್ಳುತ್ತಾರೆ. 2015ರಲ್ಲಿ ರಾಜ್ಯ ಸರ್ಕಾರ ತಂದ ಕನ್ನಡ ಭಾಷಾ ಕಲಿಕೆ ಕಾಯಿದೆಯ ಪ್ರಕಾರ 1ರಿಂದ 10ನೆಯ ತರಗತಿಯವರೆಗೆ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸಬೇಕು. ಕಾಯಿದೆ ಪುಸ್ತಕವನ್ನು ಮೇಜಿನ ಮೇಲೆ ತಂದಿಡಬಲ್ಲುದು. ಅದನ್ನು ಪ್ರೀತಿಯಿಂದ ತೆರೆಯುವಂತೆ ಮಾಡುವುದು ಕಾಯಿದೆಯ ಕೆಲಸವಲ್ಲ.

ಹೀಗಾಗಿ ಹಳೆಯ ಕಾವ್ಯ ಎಂದರೆ ಮಕ್ಕಳಿಗೆ ಅಂಕಗಳ ಭಯ, ಹೆತ್ತವರಿಗೆ ಟ್ಯೂಷನ್ ಫೀಜಿನ ಚಿಂತೆ. ‘ನಮಗೇ ಅರ್ಥವಾಗದ ಹಳಗನ್ನಡವನ್ನು ಮಗುವಿಗೆ ಹೇಗೆ ಹೇಳಿಕೊಡುವುದು?’ ಎಂಬ ಮಾತು ಕನ್ನಡದ ಮನೆಗಳಲ್ಲೂ ಕೇಳಿಬರುತ್ತದೆ. ಬಿಟ್ಟ ಸ್ಥಳದ ಆಟಕ್ಕೆ ಹೇಳಿಕೊಡುವ ಗುರು ಬೇಕಾಗಿಲ್ಲ. ಒಂದು ಪುಸ್ತಕ, ಒಂದು ಪೆನ್ಸಿಲ್ಲು, ಭಾನುವಾರದ ಅರ್ಧ ಗಂಟೆ, ಜೊತೆಗೆ ಕೂರುವ ಇಬ್ಬರು ಇದ್ದರೆ ನಡೆಯುತ್ತದೆ.

ಮೊದಲು ನಗು

ಸುಲಭವಾದ ಆಟದಿಂದಲೇ ಆರಂಭಿಸಬಹುದು. 1958ರಲ್ಲಿ ಅಮೆರಿಕದ ಲಿಯೊನಾರ್ಡ್ ಸ್ಟರ್ನ್ ಮತ್ತು ರೋಜರ್ ಪ್ರೈಸ್ ಎಂಬ ಇಬ್ಬರು ಹಾಸ್ಯ ಲೇಖಕರು ‘ಮ್ಯಾಡ್ ಲಿಬ್ಸ್’ ಎಂಬ ಆಟದ ಪುಸ್ತಕ ಹೊರತಂದರು. ಕಥೆಯನ್ನು ಒಬ್ಬರು ಗುಟ್ಟಾಗಿ ಇಟ್ಟುಕೊಳ್ಳುತ್ತಾರೆ. ಉಳಿದವರಿಂದ ‘ಒಂದು ನಾಮಪದ ಹೇಳಿ, ಒಂದು ಗುಣವಾಚಕ ಹೇಳಿ’ ಎಂದು ಪದಗಳನ್ನು ಕೇಳಿ ಖಾಲಿ ಜಾಗಗಳಲ್ಲಿ ಬರೆಯುತ್ತಾರೆ. ಕೊನೆಗೆ ಗಟ್ಟಿಯಾಗಿ ಓದಿದಾಗ ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಗುತ್ತಾರೆ.

ನಮ್ಮ ಪುಣ್ಯಕೋಟಿಯ ಕಥೆಯನ್ನೇ ನಾಲ್ಕು ಸರಳ ವಾಕ್ಯಗಳಲ್ಲಿ ಬರೆದುಕೊಂಡು ಹೀಗೆ ಆಡಬಹುದು. ‘ಅಡುಗೆಮನೆಯ ಒಂದು ವಸ್ತು ಹೇಳು’ ಎಂದರೆ ಮಗು ‘ಕುಕ್ಕರು’ ಎನ್ನುತ್ತದೆ. ‘ಅಪ್ಪನ ಜೇಬಿನಲ್ಲಿರುವ ವಸ್ತು?’ ಎಂದರೆ ‘ಮೊಬೈಲು’. ಕಾಡಿನಲ್ಲಿ ಕುಕ್ಕರು ಅಡ್ಡ ಬಂದು ಪುಣ್ಯಕೋಟಿಯನ್ನು ತಡೆಯುತ್ತದೆ! ಕರುವಿಗೆ ಮೊಬೈಲು ಕೊಟ್ಟು ಬರುತ್ತೇನೆಂದು ಹಸು ಅಂಗಲಾಚುತ್ತದೆ!

ನಗು ಮುಗಿದ ಮೇಲೆ ಒಂದು ಪ್ರಶ್ನೆ ಕೇಳಬೇಕು. ಯಾವ ಪದ ಬದಲಾದರೂ ಕಥೆ ನಿಂತಿತು? ಯಾವುದನ್ನು ಬದಲಿಸಿದರೆ ಬಿದ್ದೇ ಹೋಗುತ್ತದೆ? ಹುಲಿಯ ಜಾಗದಲ್ಲಿ ಏನು ಬಂದರೂ ಕಥೆ ಕುಂಟುತ್ತ ನಡೆಯುತ್ತದೆ. ‘ಹಸು ಮಾತು ಕೊಟ್ಟಿತು’ ಎಂಬಲ್ಲಿ ‘ಮಾತು’ ತೆಗೆದು ‘ಹುಲ್ಲು’ ಎಂದು ಹಾಕಿದರೆ ಕಥೆಯೇ ಇಲ್ಲ. ಹಸು ಮರಳಿ ಬರಲು ಕಾರಣವೇ ಉಳಿಯುವುದಿಲ್ಲ. ಮನೆಗೆ ಕಂಬ ಯಾವುದು, ಕಿಟಕಿ ಯಾವುದು ಎಂದು ತಿಳಿಯುವ ಹಾಗೆ ಕಥೆಯ ಭಾರ ಹೊತ್ತ ಪದ ಯಾವುದೆಂದು ಮಗುವಿಗೆ ಹೊಳೆಯುತ್ತದೆ. ‘ಈ ಪಾಠದ ಸಾರಾಂಶ ಬರೆಯಿರಿ’ ಎಂಬ ಹತ್ತು ಅಂಕದ ಪ್ರಶ್ನೆಗಿಂತ ಇದು ಆಳವಾದ ಪ್ರಶ್ನೆ.

ಇಂಗ್ಲಿಷಿನ ಆಟಕ್ಕೂ ಕನ್ನಡದ ಆಟಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಇಂಗ್ಲಿಷಿನಲ್ಲಿ ನಾಮಪದವನ್ನು ಇದ್ದ ಹಾಗೆಯೇ ಖಾಲಿ ಜಾಗದಲ್ಲಿ ಕೂರಿಸಬಹುದು. ಕನ್ನಡದಲ್ಲಿ ಪದ ಒಳಗೆ ಬರಬೇಕಾದರೆ ವಿಭಕ್ತಿಯ ಅಂಗಿ ತೊಟ್ಟೇ ಬರಬೇಕು. ‘ಮರ’ ಎಂದರೆ ‘ಮರವನ್ನು’ ಆಗಬೇಕು, ‘ಕುರಿ’ ಎಂದರೆ ‘ಕುರಿಯನ್ನು’, ‘ರಾಮ’ ಎಂದರೆ ‘ರಾಮನನ್ನು’. ‘ಊರು’ ಮತ್ತು ‘ಮಗು’ ಎರಡೂ ಉಕಾರದಲ್ಲೇ ಮುಗಿಯುವ ಪದಗಳು. ಆದರೂ ಒಂದು ‘ಊರನ್ನು’ ಆಗುತ್ತದೆ. ಇನ್ನೊಂದು ‘ಮಗುವನ್ನು’ ಆಗುತ್ತದೆ. ಒಂದರಲ್ಲಿ ಉಕಾರ ಬಿದ್ದುಹೋಯಿತು, ಇನ್ನೊಂದರಲ್ಲಿ ವಕಾರ ಬಂದು ಸೇರಿತು. ಲೋಪಸಂಧಿ, ಆಗಮಸಂಧಿ ಎಂಬ ಹೆಸರುಗಳನ್ನು ಬಾಯಿಪಾಠ ಮಾಡುವ ಮೊದಲೇ ಅವುಗಳ ಕೆಲಸ ಕಿವಿಗೆ ಗೊತ್ತಾಗುತ್ತದೆ. 13ನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಸೂತ್ರ ಕಟ್ಟಿ ಹೇಳಿದ ಸಂಧಿಗಳು ಮನೆಯ ಜಗಲಿಯಲ್ಲಿ ನಗುವಿನ ನಡುವೆ ಬಂದು ಕೂರುತ್ತವೆ. ಕನ್ನಡ ಮನೆಮಾತಲ್ಲದ ಗೆಳೆಯ ‘ಮಗನ್ನು’ ಎಂದರೆ ಉಳಿದ ಮಕ್ಕಳೇ ತಿದ್ದುತ್ತಾರೆ. ಅಲ್ಲಿ ಕೆಂಪು ಶಾಯಿ ಇರುವುದಿಲ್ಲ.

ಎಂಟಕ್ಕೊಂದು ಪದ

ಎರಡನೆಯ ಆಟದಲ್ಲಿ ಸ್ವಲ್ಪ ಶಿಸ್ತು ಇದೆ. 1953ರಲ್ಲಿ ವಿಲ್ಸನ್ ಟೇಲರ್ ಎಂಬ ಅಮೆರಿಕದ ವಿದ್ವಾಂಸ ಬರಹವೊಂದು ಓದಲು ಸುಲಭವೋ ಕಷ್ಟವೋ ಎಂದು ಅಳೆಯುವುದಕ್ಕೆ ಒಂದು ಸರಳ ಉಪಾಯ ಸೂಚಿಸಿದರು. ಬರಹದಲ್ಲಿ ಲೆಕ್ಕದ ಪ್ರಕಾರ ಐದಕ್ಕೊಂದರಂತೆ ಪದಗಳನ್ನು ಅಳಿಸಿ ಓದುಗರಿಗೆ ಕೊಡುವುದು. ಅವರು ಎಷ್ಟನ್ನು ಸರಿಯಾಗಿ ತುಂಬುತ್ತಾರೆಂದು ಎಣಿಸುವುದು. ‘ಕ್ಲೋಜ್’ ಎಂದು ಅದಕ್ಕೆ ಹೆಸರಿಟ್ಟರು. ಸಣ್ಣ ಪದ, ಸಣ್ಣ ವಾಕ್ಯ ಇದ್ದರೆ ಸುಲಭ ಎಂದು ಆ ವೇಳೆಗೆ ಇದ್ದ ಸೂತ್ರಗಳು ಹೇಳುತ್ತಿದ್ದವು. ಗರ್ಟ್ರೂಡ್ ಸ್ಟೈನ್ ಎಂಬ ಲೇಖಕಿಯ ಬರಹವನ್ನು ಆ ಸೂತ್ರ ಸುಲಭವೆಂದಿತು. ಪದ ಅಳಿಸಿ ಕೊಟ್ಟಾಗ ಓದುಗರು ತಡವರಿಸಿದರು. ಪದ ಚಿಕ್ಕದಾದ ಮಾತ್ರಕ್ಕೆ ಅರ್ಥ ಹತ್ತಿರವಾಗುವುದಿಲ್ಲ ಎಂಬುದು ಹೀಗೆ ಬೆಳಕಿಗೆ ಬಂತು.

ಕನ್ನಡದ ಒಂದೇ ಪದದೊಳಗೆ ವಿಭಕ್ತಿ, ಕಾಲ, ಲಿಂಗ, ವಚನ ಎಲ್ಲವೂ ಅಡಗಿರುತ್ತವೆ. ಆದ್ದರಿಂದ ಮಕ್ಕಳಿಗೆ ಐದಕ್ಕೊಂದು ಪದ ಅಳಿಸಿದರೆ ಭಾರವಾದೀತು, ಎಂಟಕ್ಕೊಂದು ಸಾಕು. ಪಠ್ಯಪುಸ್ತಕದ ಗದ್ಯಪಾಠದಿಂದ ಒಂದು ಪುಟ ಆರಿಸಿ, ಪೆನ್ಸಿಲಿನಿಂದ ಪದಗಳನ್ನು ಗುರುತಿಸಿ, ಆ ಪುಟವನ್ನು ಬೇರೆ ಹಾಳೆಯಲ್ಲಿ ಬರೆದುಕೊಟ್ಟರಾಯಿತು. ‘______ ಬಂದಳು’ ಎಂದಿದ್ದರೆ ಬಂದವಳು ಹೆಣ್ಣೆಂದು ಕ್ರಿಯಾಪದವೇ ಚಾಡಿ ಹೇಳುತ್ತದೆ. ‘ಬಂದಿತು’ ಎಂದಿದ್ದರೆ ಪ್ರಾಣಿಯೋ ಮಗುವೋ ಮಳೆಯೋ ಇರಬೇಕು. ಮಗು ಪತ್ತೇದಾರನಾಗುತ್ತದೆ.

ಮೂಲದ ಪದವೇ ಬಂದರೆ ಒಳ್ಳೆಯದು. ಬರದಿದ್ದರೆ ಇನ್ನೂ ಒಳ್ಳೆಯದು! ಆಗಲೇ ‘ನಿನ್ನ ಪದ ಏಕೆ ಇದಲ್ಲ, ಲೇಖಕರ ಪದ ಏಕೆ ಅದು?’ ಎಂಬ ಮಾತುಕತೆ ಆರಂಭವಾಗುವುದು. ಸರಿಯುತ್ತರಕ್ಕೆ ಒಂದು ಚಪ್ಪಾಳೆ ಸಾಕು. ತಪ್ಪುತ್ತರಕ್ಕೆ ಐದು ನಿಮಿಷದ ಹರಟೆ ಬೇಕು.

ಅರಸನೋ, ಭೂಪನೋ?

ಕಾವ್ಯಕ್ಕೆ ಬಂದರೆ ಆಟ ರಂಗೇರುತ್ತದೆ. ಇಲ್ಲಿ ಅರ್ಥದ ಜೊತೆಗೆ ಛಂದಸ್ಸೂ ಕಾವಲು ನಿಂತಿರುತ್ತದೆ. ಕುಮಾರವ್ಯಾಸನ ಕಾವ್ಯ ಭಾಮಿನೀ ಷಟ್ಪದಿಯಲ್ಲಿದೆ. ಆರು ಸಾಲುಗಳು, 1, 2, 4, 5ನೆಯ ಸಾಲುಗಳಲ್ಲಿ 3, 4, 3, 4 ಎಂಬಂತೆ ಹದಿನಾಲ್ಕು ಮಾತ್ರೆಗಳು. 3 ಮತ್ತು 6ನೆಯ ಸಾಲುಗಳಲ್ಲಿ ಅದೇ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23 ಮಾತ್ರೆ. ಇದನ್ನೆಲ್ಲ ಪ್ರಸ್ತಾರ ಹಾಕಿ ತೋರಿಸಿ ಎಂದು ಪರೀಕ್ಷೆಯಲ್ಲಿ ಕೇಳುತ್ತಾರೆ. ಏಕೆ ಹಾಕಬೇಕೆಂದು ಮಕ್ಕಳಿಗೆ ತಿಳಿಯುವುದು ಮಾತ್ರ ಅಪರೂಪ.

ಷಟ್ಪದಿಯ ಸಾಲೊಂದರ ಮೊದಲ ಗಣ ಕಾಣೆಯಾಗಿದೆ, ಅಲ್ಲಿ ರಾಜ ಎಂಬ ಅರ್ಥದ ಒಂದೇ ಪದ ಬರಬೇಕು ಎಂದು ಇಟ್ಟುಕೊಳ್ಳೋಣ. ಕನ್ನಡದಲ್ಲಿ ಆ ಅರ್ಥಕ್ಕೆ ಪದಗಳಿಗೇನು ಬರಗಾಲ! ದೊರೆ, ಅರಸ, ರಾಜ, ಭೂಪ, ನೃಪತಿ, ಭೂಪತಿ, ನರಪತಿ, ಧರಣೀಶ... ಲಘುವಿಗೆ ಒಂದು, ಗುರುವಿಗೆ ಎರಡು ಮಾತ್ರೆಯಂತೆ ಎಣಿಸಿದರೆ ‘ದೊರೆ’ಗೆ ಎರಡೇ ಮಾತ್ರೆ, ಸಾಲದು. ‘ಭೂಪತಿ’, ‘ನರಪತಿ’ಗಳಿಗೆ ನಾಲ್ಕು, ‘ಧರಣೀಶ’ನಿಗೆ ಐದು, ಜಾಗ ಸಾಲದು. ಮೂರು ಮಾತ್ರೆಯವು ನಾಲ್ಕು ಉಳಿದವು: ಅರಸ, ರಾಜ, ಭೂಪ, ನೃಪತಿ.

ಈಗ ಆದಿಪ್ರಾಸವನ್ನು ನೋಡಬೇಕು. ಹಳೆಯ ಕಾವ್ಯಗಳಲ್ಲಿ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರುತ್ತದೆ. ಉಳಿದ ಸಾಲುಗಳ ಎರಡನೆಯ ಅಕ್ಷರ ಪಕಾರವಾಗಿದ್ದರೆ ಅರಸನೂ ರಾಜನೂ ಸಿಂಹಾಸನ ಬಿಟ್ಟಿಳಿಯಬೇಕು. ಉಳಿದವರು ಭೂಪ, ನೃಪತಿ ಇಬ್ಬರೇ. ಇವರಲ್ಲಿ ಯಾರು? ಅದಕ್ಕೂ ನಿಯಮವಿದೆ. ಪ್ರಾಸಾಕ್ಷರದ ಹಿಂದಿನ ಅಕ್ಷರ ಎಲ್ಲ ಸಾಲುಗಳಲ್ಲೂ ಒಂದೇ ಬಗೆಯದಾಗಿರಬೇಕು. ಹಿಂದಿನದು ಹ್ರಸ್ವವಾದರೆ ಸಿಂಹಪ್ರಾಸ, ದೀರ್ಘವಾದರೆ ಗಜಪ್ರಾಸ. ಉಳಿದ ಸಾಲುಗಳು ದೀರ್ಘದಿಂದ ಆರಂಭವಾಗಿದ್ದರೆ ‘ಭೂಪ’, ಹ್ರಸ್ವದಿಂದಾದರೆ ‘ನೃಪತಿ’. ಎಂಟು ಪದಗಳಿಂದ ಒಂದೇ ಪದಕ್ಕೆ ಬಂದು ತಲುಪಿದೆವು. ನಿಘಂಟು ತೆರೆಯಲಿಲ್ಲ, ಗೈಡು ನೋಡಲಿಲ್ಲ. ಗಣಿತದ ಲೆಕ್ಕ ಬಿಡಿಸಿದ ಸಂತೋಷವೇ ಇಲ್ಲೂ ಇದೆ. ಕನ್ನಡ ಎಂದರೆ ಮೂಗು ಮುರಿಯುವ, ಲೆಕ್ಕದಲ್ಲಿ ಜಾಣನಾದ ಹುಡುಗನಿಗೆ ಈ ಬಾಗಿಲಿನಿಂದ ಕಾವ್ಯದೊಳಗೆ ಪ್ರವೇಶ ಸಿಗಬಹುದು.

ವೈಟ್‌ಫೀಲ್ಡಿನಂಥ ಕಡೆ ಇನ್ನೊಂದು ಅಚ್ಚರಿ ಕಾದಿರುತ್ತದೆ. ಹಳಗನ್ನಡದಲ್ಲಿ ಹುಲಿಗೆ ‘ಪುಲಿ’, ಹಾಲಿಗೆ ‘ಪಾಲ್’. ಮುಂದೆ ಪಕಾರ ಹಕಾರವಾಯಿತು. ತಮಿಳಿನಲ್ಲಿ ಇಂದಿಗೂ ‘ಪುಲಿ’, ‘ಪಾಲ್’; ತೆಲುಗಿನಲ್ಲಿ ‘ಪುಲಿ’, ‘ಪಾಲು’. ಅರಸನನ್ನು ತಮಿಳರು ‘ಅರಸನ್’ ಎನ್ನುತ್ತಾರೆ. ಹಳಗನ್ನಡದ ಬಿಟ್ಟ ಸ್ಥಳದ ಮುಂದೆ ಕನ್ನಡದ ಮಗು ತಲೆ ಕೆರೆದುಕೊಳ್ಳುತ್ತಿರುವಾಗ ಪಕ್ಕದ ಮನೆಯ ತಮಿಳು ಹುಡುಗಿ ತಟ್ಟನೆ ಉತ್ತರ ಹೇಳಿಬಿಟ್ಟಾಳು! ಹಲವು ಭಾಷೆಗಳ ನಡುವೆ ಕನ್ನಡ ಕಳೆದುಹೋಗುತ್ತದೆಂಬ ಅಳುಕು ಹೆತ್ತವರಲ್ಲಿದೆ. ಈ ಆಟದಲ್ಲಿ ಅಕ್ಕಪಕ್ಕದ ಭಾಷೆಗಳೇ ಕೈದೀಪ ಹಿಡಿಯುತ್ತವೆ.

ವಚನಗಳಿಗೆ ಮಾತ್ರೆಯ ಲೆಕ್ಕವಿಲ್ಲ. ಅಲ್ಲಿ ಅಂಕಿತವನ್ನು ಮುಚ್ಚಬೇಕು. ಕೂಡಲಸಂಗಮದೇವ, ಚೆನ್ನಮಲ್ಲಿಕಾರ್ಜುನ, ಗುಹೇಶ್ವರ ಎಂಬ ಮೂರು ಚೀಟಿ ಬರೆದಿಟ್ಟು, ವಚನ ಓದಿ, ಯಾವ ಚೀಟಿ ಇದರದು ಎಂದು ಕೇಳಬಹುದು. ಬಸವಣ್ಣನವರ ದನಿ, ಅಕ್ಕನ ದನಿ, ಅಲ್ಲಮನ ದನಿ ಬೇರೆ ಬೇರೆ ಎಂದು ನಾಲ್ಕಾರು ಸಲ ಆಡಿದ ಮೇಲೆ ಕಿವಿಗೇ ಗೊತ್ತಾಗುತ್ತದೆ. ನೇಯ್ಗೆಯ ಜೇಡರ ದಾಸಿಮಯ್ಯನ ಅಂಕಿತ ರಾಮನಾಥ, ಬಟ್ಟೆ ಮಡಿ ಮಾಡುತ್ತಿದ್ದ ಮಾಚಯ್ಯನದು ಕಲಿದೇವರದೇವ. ದೋಣಿ ನಡೆಸುತ್ತಿದ್ದ ಚೌಡಯ್ಯನಿಗೆ ‘ಅಂಬಿಗರ ಚೌಡಯ್ಯ’ ಎಂಬ ತನ್ನ ಹೆಸರೇ ಅಂಕಿತ. ಪೀಣ್ಯದಲ್ಲಿ ಯಂತ್ರದ ಮುಂದೆ ನಿಂತು ದುಡಿಯುವವರ ಮಕ್ಕಳಿಗೆ ಈ ಹೆಸರುಗಳು ದೂರದವು ಎನ್ನಿಸಬೇಕಾಗಿಲ್ಲ. ಕೈಕಸುಬಿನವರು ಬರೆದ ಸಾಹಿತ್ಯವಿದು.

ಒಂದು ಸಾಲು ಕೊಟ್ಟು ಮೂರು ಬಿಟ್ಟರೆ

ಬಿಟ್ಟ ಸ್ಥಳದ ಆಟ ಪಶ್ಚಿಮದಿಂದ ಬಂದದ್ದೇನೂ ಅಲ್ಲ. ಅಷ್ಟಾವಧಾನದಲ್ಲಿ ಸಮಸ್ಯಾಪೂರಣ ಎಂಬ ಭಾಗವಿದೆ. ಪೃಚ್ಛಕರು ಪದ್ಯದ ಕೊನೆಯ ಸಾಲೊಂದನ್ನು ಮಾತ್ರ ಕೊಡುತ್ತಾರೆ. ಅದು ಅಸಂಬದ್ಧವಾಗಿಯೋ ಅಸಾಧ್ಯವಾಗಿಯೋ ಇರುತ್ತದೆ. ಉಳಿದ ಮೂರು ಸಾಲುಗಳನ್ನು ಅವಧಾನಿ ಅಲ್ಲೇ ಕಟ್ಟಿ, ಆ ಅಸಂಬದ್ಧವನ್ನು ಅರ್ಥವತ್ತಾಗಿಸಬೇಕು. ಅದರ ಜೊತೆಗೆ ನಿಷೇಧಾಕ್ಷರಿ ಇದೆ. ಅವಧಾನಿ ಒಂದೊಂದು ಅಕ್ಷರ ಹೇಳುವಾಗಲೂ ಮುಂದಿನ ಅಕ್ಷರ ಇಂಥದು ಬರಕೂಡದೆಂದು ಪೃಚ್ಛಕರು ತಡೆಯುತ್ತ ಹೋಗುತ್ತಾರೆ. ಕೊಟ್ಟ ಪದಗಳನ್ನು ಸೇರಿಸಿ ಪದ್ಯ ಕಟ್ಟುವುದು ದತ್ತಪದಿ. ಕನ್ನಡದಲ್ಲಿ ಈ ಕಲೆಗೆ ಮತ್ತೆ ಸಭೆ ಸೇರುವಂತೆ ಮಾಡಿದವರು ಶತಾವಧಾನಿ ಆರ್. ಗಣೇಶ್. ಅವರು ಇಂಜಿನಿಯರಿಂಗ್ ಓದಿದವರು ಎಂಬುದನ್ನು ಐಟಿ ಬಡಾವಣೆಗಳ ಮಕ್ಕಳಿಗೆ ಹೇಳಬೇಕು. ಯಂತ್ರಶಾಸ್ತ್ರಕ್ಕೂ ಛಂದಸ್ಸಿಗೂ ಜಗಳವಿಲ್ಲ.

ಮಕ್ಕಳು ಪದ್ಯ ಕಟ್ಟಬೇಕಾಗಿಲ್ಲ, ಗದ್ಯದಲ್ಲೇ ಆಡಬಹುದು. ‘ಇರುವೆಯ ನಡಿಗೆಗೆ ಆನೆ ನಡುಗಿತು’ ಎಂಬ ಕೊನೆಯ ವಾಕ್ಯ ಕೊಟ್ಟು, ಇದು ನಿಜವಾಗುವಂತೆ ಹಿಂದಿನ ಮೂರು ವಾಕ್ಯ ಹೇಳು ಎಂದರಾಯಿತು. ಇರುವೆ ನಡೆದದ್ದು ಆನೆಯ ಸೊಂಡಿಲಿನೊಳಗೆ ಎಂದು ಒಂದು ಮಗುವಿಗಾದರೂ ಹೊಳೆಯದೆ ಇರದು.

ಕಲ್ಲಿನ ಮೇಲಿನ ಬಿಟ್ಟ ಸ್ಥಳ

ಇಷ್ಟು ಹೊತ್ತು ಹೇಳಿದ ಖಾಲಿ ಜಾಗಗಳನ್ನು ಬೇಕೆಂದೇ ಮಾಡಿದ್ದು. ಯಾರೂ ಬೇಕೆಂದು ಮಾಡದ ಖಾಲಿ ಜಾಗಗಳೂ ಇವೆ. ಎಲೆಕ್ಟ್ರಾನಿಕ್ ಸಿಟಿಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಬೇಗೂರು ಇದೆ. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿರುವ ಸುಮಾರು ಕ್ರಿ.ಶ. 890ರ ವೀರಗಲ್ಲಿನ ಶಾಸನದಲ್ಲಿ ಬೆಂಗಳೂರಿನ ಕಾಳಗದ ಮಾತು ಬರುತ್ತದೆ. ಕೆಂಪೇಗೌಡರು 16ನೆಯ ಶತಮಾನದಲ್ಲಿ ಕೋಟೆ ಕಟ್ಟುವುದಕ್ಕೆ ಆರು ಶತಮಾನಕ್ಕೂ ಹಿಂದೆ ಈ ಹೆಸರು ಇತ್ತೆಂದು ತಿಳಿದದ್ದು ಆ ಕಲ್ಲಿನಿಂದ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಮೈಸೂರು ಸೀಮೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಅಚ್ಚು ಮಾಡಿಸಿದರು. ಬೆಂಗಳೂರು ಜಿಲ್ಲೆಯ ಸಂಪುಟ ಬಂದದ್ದು 1905ರಲ್ಲಿ. ಆ ಪುಟಗಳನ್ನು ತಿರುವಿದರೆ ಸಾಲುಗಳ ನಡುವೆ ಚುಕ್ಕಿಗಳು ಕಾಣುತ್ತವೆ. ಮಳೆ ಬಿಸಿಲಿಗೆ ಸವೆದು ಕಲ್ಲಿನ ಮೇಲೆ ಉಳಿಯದ ಅಕ್ಷರಗಳ ಗುರುತು ಅವು.

ಆ ಚುಕ್ಕಿಗಳನ್ನು ತುಂಬುವ ವಿದ್ವಾಂಸರು ಮಾಡುವುದೂ ಮಕ್ಕಳು ಮಾಡುವ ಕೆಲಸವನ್ನೇ. ಹಿಂದೆ ಏನಿದೆ, ಮುಂದೆ ಏನಿದೆ, ಅದೇ ಕಾಲದ ಬೇರೆ ಕಲ್ಲುಗಳಲ್ಲಿ ಇಂಥ ಕಡೆ ಏನು ಬರುತ್ತದೆ ಎಂದು ನೋಡುತ್ತಾರೆ. ಓಲೆಗರಿಯ ಕಾವ್ಯವಾದರೆ ಛಂದಸ್ಸಿನ ನೆರವೂ ಇರುತ್ತದೆ. ಗೆದ್ದಲು ತಿಂದ ಜಾಗದಲ್ಲಿ ಎಷ್ಟು ಮಾತ್ರೆ ಕಾಣೆಯಾಗಿದೆಯೆಂದು ಲೆಕ್ಕ ಹಾಕಬಹುದು. ‘ವಡ್ಡಾರಾಧನೆ’ಯನ್ನು ಸಂಪಾದಿಸಿಕೊಟ್ಟ ಡಿ. ಎಲ್. ನರಸಿಂಹಾಚಾರ್ಯರಂಥವರು ಇಂಥ ಕೆಲಸದಲ್ಲಿ ಬಾಳು ಸವೆಸಿದರು. 2021ರಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿ ನಗರದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕೆಲಸ ಕೈಗೆತ್ತಿಕೊಂಡಿತು. ಬರಿಗಣ್ಣಿಗೆ ಮಾಸಿದಂತೆ ಕಾಣುವ ಅಕ್ಷರಗಳು ಗಣಕದ ಪರದೆಯ ಮೇಲೆ ಸ್ಪಷ್ಟವಾಗಬಲ್ಲವು.

ಈ ವಿದ್ವಾಂಸರಿಂದ ಮಕ್ಕಳು ಕಲಿಯಬೇಕಾದ ಒಂದು ಮರ್ಯಾದೆ ಇದೆ. ತಾವು ಊಹಿಸಿ ತುಂಬಿದ ಅಕ್ಷರವನ್ನು ಅವರು ಕಂಸದೊಳಗೆ ಇಡುತ್ತಾರೆ. ಕಲ್ಲಿನ ಮೇಲೆ ಇದ್ದದ್ದು ಇಷ್ಟು, ನಾವು ಸೇರಿಸಿದ್ದು ಇಷ್ಟು ಎಂದು ಓದುಗರಿಗೆ ತಿಳಿಯಬೇಕು. ಊಹೆ ತಪ್ಪಲ್ಲ, ಊಹೆಯನ್ನು ಕಂಡದ್ದೆಂದು ಹೇಳುವುದು ತಪ್ಪು. ಮನೆಯ ಆಟದಲ್ಲೂ ತುಂಬಿದ ಪದಕ್ಕೆ ಕಂಸ ಹಾಕುವ ಅಭ್ಯಾಸ ಮಾಡಿಸಬಹುದು.

ಯಂತ್ರವೂ ಆಡಿ ಕಲಿತ ಆಟ

ಬೇಗೂರಿನ ಕಲ್ಲಿನಿಂದ ಹೊಸೂರು ರಸ್ತೆಯ ಗಾಜಿನ ಕಟ್ಟಡಗಳಿಗೆ ದಾರಿ ಉದ್ದವೇನಿಲ್ಲ. ಬಿಟ್ಟ ಸ್ಥಳದ ಆಟದಿಂದಲೇ ಇಂದಿನ ಗಣಕಯಂತ್ರಗಳು ಭಾಷೆ ಕಲಿತವೆಂಬುದು ಕುತೂಹಲದ ಸಂಗತಿ. 1913ರಲ್ಲಿ ರಷ್ಯಾದ ಗಣಿತಜ್ಞ ಮಾರ್ಕೋವ್ ಕವಿ ಪುಷ್ಕಿನ್ನನ ‘ಯೆವ್ಗೇನಿ ಒನೇಗಿನ್’ ಕಾವ್ಯದ 20,000 ಅಕ್ಷರಗಳನ್ನು ಒಂದೊಂದಾಗಿ ಎಣಿಸಿ, ಸ್ವರದ ಮುಂದೆ ಸ್ವರ ಬರುವುದೆಷ್ಟು, ವ್ಯಂಜನ ಬರುವುದೆಷ್ಟು ಎಂದು ಲೆಕ್ಕ ಹಾಕಿದ. 1951ರಲ್ಲಿ ಅಮೆರಿಕದ ಕ್ಲಾಡ್ ಶ್ಯಾನನ್ ಅಪರಿಚಿತ ವಾಕ್ಯದ ಮುಂದಿನ ಅಕ್ಷರ ಯಾವುದೆಂದು ಮನುಷ್ಯರಿಂದಲೇ ಊಹೆ ಮಾಡಿಸಿ ಅಳೆದ. 2018ರಲ್ಲಿ ಗೂಗಲ್ ಸಂಸ್ಥೆ ‘ಬರ್ಟ್’ ಎಂಬ ಭಾಷಾಮಾದರಿಯನ್ನು ಪ್ರಕಟಿಸಿತು. ಅದಕ್ಕೆ ಕೊಟ್ಟ ಬರಹದಲ್ಲಿ ನೂರಕ್ಕೆ 15ರಷ್ಟು ಪದಭಾಗಗಳನ್ನು ಆರಿಸಿ, ಹೆಚ್ಚಿನವನ್ನು ಮುಚ್ಚಿ, ಅಲ್ಲಿ ಇದ್ದದ್ದೇನೆಂದು ಮತ್ತೆ ಮತ್ತೆ ಊಹಿಸಲು ಹಚ್ಚಿದರು. ಅದರ ಬಹುಭಾಷಾ ರೂಪದಲ್ಲಿ ಕನ್ನಡವೂ ಇತ್ತು. ಮುಂದೆ ಬಂದ ಮಾತಾಡುವ ಯಂತ್ರಗಳು ಮುಂದಿನ ಪದವನ್ನು ಊಹಿಸುತ್ತಲೇ ಬೆಳೆದವು.

ಹಾಗಾದರೆ ಯಂತ್ರವೇ ತುಂಬಿಕೊಡುವಾಗ ಮಗು ಏಕೆ ತಿಣುಕಬೇಕು? ಯಂತ್ರ ತಾನು ಓದಿದ ರಾಶಿ ಬರಹದ ಆಧಾರದ ಮೇಲೆ ಅಲ್ಲಿ ಬರಬಹುದಾದ ಪದಗಳನ್ನು ತೂಗಿ ನೋಡುತ್ತದೆ. ಸಾಮಾನ್ಯವಾಗಿ ಎಲ್ಲರೂ ಬಳಸುವ ಪದದ ಕಡೆಗೆ ಅದರ ತಕ್ಕಡಿ ವಾಲುತ್ತದೆ. ದೊಡ್ಡ ಕವಿ ಹಲವು ಕಡೆ ಎಲ್ಲರೂ ನಿರೀಕ್ಷಿಸುವ ಪದವನ್ನು ಬಿಟ್ಟು ಬೇರೊಂದನ್ನು ಇಟ್ಟಿರುತ್ತಾನೆ. ನಿರೀಕ್ಷಿಸಿದ ಪದಕ್ಕೂ ಕವಿ ಇಟ್ಟ ಪದಕ್ಕೂ ನಡುವಿನ ಅಂತರದಲ್ಲೇ ಕಾವ್ಯದ ರುಚಿ ಇರುವುದು. ಆ ರುಚಿ ಸಿಗಬೇಕಾದರೆ ಮೊದಲು ತನ್ನದೇ ಒಂದು ಪದವನ್ನು ನಿರೀಕ್ಷಿಸಿರಬೇಕು. ನಿರೀಕ್ಷೆಯನ್ನೂ ಯಂತ್ರಕ್ಕೆ ವಹಿಸಿಕೊಟ್ಟ ಮಗುವಿಗೆ ಕವಿಯ ಪದ ಬೆರಗು ಹುಟ್ಟಿಸುವುದಿಲ್ಲ. ಅದು ಇನ್ನೊಂದು ಉತ್ತರ ಮಾತ್ರ. ಮೊದಲು ಮಗು ತುಂಬಲಿ, ಆಮೇಲೆ ಬೇಕಾದರೆ ಯಂತ್ರವನ್ನು ಕೇಳಲಿ, ಕೊನೆಗೆ ಕವಿಯ ಪುಟ ತೆರೆಯಲಿ. ಮೂರು ಪದಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದಾಗ ಯಾವುದು ಏಕೆ ಎಂಬ ಚರ್ಚೆ ತಾನಾಗಿಯೇ ಹುಟ್ಟುತ್ತದೆ.

ಹೆತ್ತವರಿಗೆ ನಾಲ್ಕು ಮಾತು

ಅಂಕ ಕೊಡಬಾರದು. ಅಂಕ ಬಂದ ಕೂಡಲೇ ಆಟ ಪರೀಕ್ಷೆಯಾಗುತ್ತದೆ, ಮಗು ಗೈಡು ಹುಡುಕುತ್ತದೆ. ‘ತಪ್ಪು’ ಎನ್ನುವ ಬದಲು ‘ಏಕೆ ಈ ಪದ?’ ಎಂದು ಕೇಳಬೇಕು. ಒಂದು ಸಲಕ್ಕೆ ಒಂದೇ ಪದ್ಯ ಅಥವಾ ಒಂದೇ ಪುಟ ಸಾಕು. ಹೆಚ್ಚಾದರೆ ಅಮೃತವೂ ವಿಷ. ಆಟ ಮುಗಿದ ಮೇಲೆ ಮೂಲವನ್ನು ಒಮ್ಮೆ ಪೂರ್ತಿಯಾಗಿ, ಗಟ್ಟಿಯಾಗಿ ಓದುವುದನ್ನು ಮಾತ್ರ ಮರೆಯಬಾರದು. ಹೆತ್ತವರಿಗೂ ಉತ್ತರ ತಿಳಿಯದಿದ್ದರೆ ನಾಚಿಕೆಪಡಬೇಕಾಗಿಲ್ಲ. ಅಪ್ಪ ಅಮ್ಮನೂ ತನ್ನ ಜೊತೆಗೇ ತಡಕಾಡುತ್ತಿದ್ದಾರೆಂದು ತಿಳಿದರೆ ಮಗುವಿನ ಅಂಜಿಕೆ ಅರ್ಧಕ್ಕರ್ಧ ಇಳಿಯುತ್ತದೆ.

ಎರಡನೆಯ ಪಾಳಿಯವರಿಗೂ ಈ ಆಟ ಒಗ್ಗುತ್ತದೆ. ಅಪ್ಪ ಕೆಲಸಕ್ಕೆ ಹೊರಡುವ ಮೊದಲು ಒಂದು ಸಾಲನ್ನು ಬಿಟ್ಟ ಸ್ಥಳದೊಡನೆ ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟು ಹೋಗಬಹುದು. ಶಾಲೆಯಿಂದ ಬಂದ ಮಗು ಅದನ್ನು ತುಂಬಿ, ಕಂಸ ಹಾಕಿ, ತನ್ನ ಕಾರಣವನ್ನು ಕೆಳಗೆ ಬರೆದು ಮಲಗಬಹುದು. ರಾತ್ರಿ ಬಂದವರು ಆ ಚೀಟಿಯನ್ನು ಓದುತ್ತಾರೆ, ಬೆಳಿಗ್ಗೆ ಮಾತಿಗೆ ಒಂದು ವಿಷಯ ಸಿಕ್ಕಿರುತ್ತದೆ. ಒಂದು ವರ್ಷ ಹೀಗೆ ವಾರಕ್ಕೊಂದು ಸಾಲು ಆಡಿದರೆ ಮಗುವಿನ ಬಳಿ ಐವತ್ತಕ್ಕೂ ಹೆಚ್ಚು ಸಾಲುಗಳು ಇರುತ್ತವೆ. ಅವು ಬಾಯಿಪಾಠ ಮಾಡಿದ ಸಾಲುಗಳಲ್ಲ. ಒಂದೊಂದರಲ್ಲೂ ಒಂದು ಪದಕ್ಕಾಗಿ ಮಗು ತಾನೇ ಹುಡುಕಾಡಿರುತ್ತದೆ.